ಬಾಯಿ ನೋಡಿ ಕಬ್ಬು ಕಡಿದವರು

ನನ್ನ ಮಗನ ಬಾಯಿ ಎಷ್ಟು ಅಗಲ ತೆರೆದಿದೆ ಎಂದು ನೋಡಿಕೊಂಡು ನಮ್ಮ ಕುಂತೂರಿನ ರೈತರು ಕಬ್ಬು ಕಡಿಯುವ ದಿನ ಗೊತ್ತುಮಾಡುತ್ತಿದ್ದರು. ಇದನ್ನು ಹೇಳಿದರೆ ನನ್ನ ತವರಿನವರೇ ನಂಬುವುದಿಲ್ಲ.

ಶುರು ಮಾಡಿದ್ದು ನಮ್ಮ ಮಾವ ದೊಡ್ಡಮಾದಪ್ಪನವರು. ಕಾರ್ಖಾನೆಯಲ್ಲಿ ಕಬ್ಬು ಅರೆಯತೊಡಗಿದರೆ ಊರ ಗಾಳಿಯೆಲ್ಲ ಸಿಹಿ ವಾಸನೆ. ಅದೇ ಹೊತ್ತಿಗೆ ನನ್ನ ಮೂರು ತಿಂಗಳ ಕೂಸಿಗೆ ನೆಗಡಿಯಾಗಿ, ಅದು ಬಾಯಿ ಬಿಟ್ಟುಕೊಂಡೇ ಮಲಗತೊಡಗಿತು. ಮಾವ ತೊಟ್ಟಿಲಿಗೆ ಬಗ್ಗಿ ನೋಡಿ, ಕಬ್ಬು ಬೆಳೆಯುವವರ ಮೊಮ್ಮಗ, ಗಾಳಿಯ ಸಿಹಿ ಚಪ್ಪರಿಸುತ್ತಿದ್ದಾನೆ ಎಂದು ತೀರ್ಪು ಕೊಟ್ಟರು. ಬಾಯಿ ಅಗಲವಾದಷ್ಟೂ ಕಬ್ಬಿನಲ್ಲಿ ಸಕ್ಕರೆ ಹೆಚ್ಚಂತೆ. ಅದನ್ನು ನಂಬಿ ಪಕ್ಕದ ಮನೆಯ ಪುಟ್ಟಮಾದಪ್ಪ ತನ್ನ ಕಬ್ಬು ಕಡಿಸಿದ. ಇಳುವರಿ ಚೆನ್ನಾಗಿದೆ ಎಂದು ಕಾರ್ಖಾನೆಯಲ್ಲಿ ಯಾರೋ ಅಂದರಂತೆ. ಮುಗಿಯಿತಲ್ಲ!

ಮಾರನೆಯ ಬೆಳಗಿನಿಂದ ಮನೆ ತುಂಬ ಜನ. ಕಬ್ಬು ಕಡಿಸಲು ಕಾದಿದ್ದ ಹಿಂದಿನ ಬೀದಿಯ ಷಡಕ್ಷರಿ, ಕೂಸಿನ ಬಾಯಿ ಅಳೆಯಲು ಟೇಪನ್ನೇ ತಂದಿದ್ದ. ನಾನು ಕಿತ್ತುಕೊಂಡೆ. ಬಂದವರಿಗೆಲ್ಲ ಕಾಫಿ ಕಾಸಿ ಕಾಸಿ ಅತ್ತೆಗೆ ಸಾಕಾಗಿಹೋಗಿತ್ತು.

ನನ್ನ ಸಂಕಟ ಬೇರೆ. ಕೂಸು ಎರಡು ಗುಟುಕು ಕುಡಿದು, ಮೊಲೆ ಬಿಟ್ಟು ಉಸಿರಿಗೆ ಒದ್ದಾಡುತ್ತಿತ್ತು. ಬಟ್ಟೆ ಒದ್ದೆಯಾಗುವುದೂ ಕಡಿಮೆಯಾಗಿತ್ತು. ಮೂರನೆಯ ದಿನ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುವುದನ್ನು ಕಂಡು ನನ್ನ ಜೀವ ಬಾಯಿಗೆ ಬಂತು. ಕೊಳ್ಳೇಗಾಲದ ಮಕ್ಕಳ ಡಾಕ್ಟರ ಹತ್ತಿರ ಹೋಗೋಣ ಎಂದೆ. ಷಡಕ್ಷರಿಯ ಕಬ್ಬೊಂದು ಮುಗಿಯಲಿ, ಈಗಲೇ ಔಷಧಿ ಹಾಕಿ ಬಾಯಿ ಮುಚ್ಚಿಸಿದರೆ ಊರವರು ಏನಂದಾರು ಎಂದರು ಮಾವ. ನಮ್ಮ ಯಜಮಾನರು ಅಪ್ಪನ ಮುಖ ನೋಡುತ್ತ ನಿಂತರು. ಅವರಿಗೆ ಅದೊಂದು ಕೆಲಸ ಚೆನ್ನಾಗಿ ಬರುತ್ತದೆ.

ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡ ಲೋಟದ ತುಂಬ ಹಾಲು ತಂದು, ಎಲ್ಲರ ಎದುರಿಗೇ ಮಾವನ ಕೈಗೆ ಕೊಟ್ಟೆ.

“ಮೂಗ ಇಡ್ಕಂಡು, ನಡುವೆ ನಿಲ್ಲುಸ್ದಂಗೆ ಇಷ್ಟೂ ಕುಡೀರಿ ಮಾವ.”

ಜನರ ಮುಂದೆ ಆಗುವುದಿಲ್ಲ ಎನ್ನಲಾದೀತೇ? ಮೂಗು ಹಿಡಿದು ಲೋಟ ಎತ್ತಿದರು. ಮೂರನೆಯ ಗುಟುಕಿಗೆ ಕಣ್ಣು ಕೆಂಪಾದವು. ನಾಲ್ಕನೆಯದು ಷಡಕ್ಷರಿಯ ಬಿಳಿ ಅಂಗಿಯ ಮೇಲಿತ್ತು.

“ನಿಮ್ ಮೊಮ್ಮಗ ಮೂರ್ ದಿನದಿಂದ ಇಂಗೇ ಕುಡೀತಾವ್ನೆ,” ಎಂದೆ.

ಕೆಮ್ಮು ನಿಲ್ಲುವ ಮೊದಲೇ ಮಾವ ಕೂಸನ್ನು ಎತ್ತಿಕೊಂಡು ಬೀದಿಗೆ ಓಡಿ, ಸಿಕ್ಕಿದ ಆಟೋ ಹತ್ತಿದರು. ಹಿಂದೆಯೇ ನಾನೂ ಹತ್ತಿದೆ.

ಡಾಕ್ಟರು ಮೂಗಿಗೆ ಉಪ್ಪುನೀರಿನ ಹನಿ ಬಿಟ್ಟು, ಗಟ್ಟಿಯಾಗಿದ್ದ ಸಿಂಬಳ ಎಳೆದು ತೆಗೆದರು. ಸಂಜೆಯವರೆಗೂ ಇಲ್ಲೇ ಇರಿ ಎಂದರು. ಹಾಲು ಕುಡಿಯುವುದು ಬಿಟ್ಟರೆ, ಪಕ್ಕೆ ಸೆಳೆದರೆ, ತುಟಿ ನೀಲಿಯಾದರೆ ಒಂದು ಗಳಿಗೆಯೂ ಕಾಯಬಾರದು ಎಂದು ಗದರಿದರು. ಬೈಸಿಕೊಂಡವಳು ನಾನು.

ಅಲ್ಲೇ ಬೆಂಚಿನ ಮೇಲೆ ಕೂತು ಹಾಲು ಕೊಟ್ಟೆ. ಕೂಸು ಒಂದು ಸಲವೂ ಬಿಡದೆ ಕುಡಿಯಿತು. ನಾನು ಅತ್ತುಬಿಟ್ಟೆ. ಆ ಕಡೆ ಮುಖ ಮಾಡಿ ನಿಂತಿದ್ದ ಮಾವ, ಮಗು ಗುಟುಕರಿಸುವ ಸದ್ದಿಗೆ ತಾವೂ ಎಂಜಲು ನುಂಗುತ್ತಿದ್ದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಷಡಕ್ಷರಿ, ಬಾಯಿ ಹೇಗಿದೆ ಎಂದು ಕೇಳುತ್ತಿದ್ದ.

“ಬಾಯ್ತುಂಬ ಆಲು ಅದ ಕಣ್ಲಾ,” ಎಂದರು ಮಾವ. “ನಿನ್ ಕಬ್ಬ ನೀನೇ ನೋಡ್ಕ.”