ಮೊದಲ ಶಟರ್

ಆ ಬೀದಿಗೆ ಬಂದು ಅಂಗಡಿ ಹಾಕಿದ ವರ್ಷವೇ ವೆಲ್ಡರ್ ಒಂದು ಪಾಠ ಕಲಿತಿದ್ದ. ಇಲ್ಲಿ ಓಡುವವರು ಎರಡೇ ಥರ, ಹೊಡೆದವರು ಮತ್ತು ಹೊಡೆಸಿಕೊಂಡವರು. ಉಳಿದವರಿಗೆ ಶಟರ್ ಎಳೆಯುವ ಕೆಲಸ. ಒಬ್ಬ ಎಳೆದರೆ ಸಾಕು, ಏನು ಎತ್ತ ಎಂದು ಕೇಳದೆ ಪಕ್ಕದವನು ಎಳೆಯುತ್ತಾನೆ, ಅವನನ್ನು ನೋಡಿ ಎದುರಿನವನು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಇಡೀ ಬೀದಿ ಬಾಯಿ ಮುಚ್ಚಿಕೊಂಡಿರುತ್ತದೆ. ಇಳಿದ ಶಟರ್ ಪೊಲೀಸರು ಬರುವವರೆಗೆ ಏರಕೂಡದು, ಹೊರಗೆ ಯಾರೇ ಬಂದು ಬಡಿಯಲಿ. ಪಕ್ಕದ ಟೈರ್ ಅಂಗಡಿಯವನು ಒಮ್ಮೆ ಭಾವಮೈದುನನ ದನಿ ಕೇಳಿ ಮೊಣಕಾಲೆತ್ತರಕ್ಕೆ ಎತ್ತಿದ್ದ. ಭಾವಮೈದುನ ತೂರಿ ಬಂದ, ಅವನ ಹಿಂದೆಯೇ ಮಚ್ಚೂ ತೂರಿ ಬಂತು. ಈಗ ಅವನು ಪಂಕ್ಚರ್ ಹಾಕುವುದು ಎಡಗೈಯಲ್ಲಿ. ಬಲಗೈ ಮಣಿಕಟ್ಟಿನಿಂದ ಆಚೆಗೆ ಇಲ್ಲ.

ಬೀದಿಯ ಮೇಲಿನ ತುದಿ ಗ್ಯಾರೇಜಿನ ಹುಡುಗರದು, ಕೆಳಗಿನ ತುದಿ ಸೇತುವೆಯವರದು. ಅವರ ಜಗಳ ಯಾವುದಕ್ಕೆ ಶುರುವಾಯಿತೆಂದು ಅವರಿಗೇ ಮರೆತುಹೋಗಿತ್ತು, ಕಡಿದಾಡುವುದು ಮಾತ್ರ ಮರೆತಿರಲಿಲ್ಲ. ಹೋದ ವಾರ ಸೇತುವೆಯ ಒಬ್ಬನ ಕಿವಿ ಕತ್ತರಿಸಿ, ಅವನ ಅಂಗಿ ಜೇಬಿನಲ್ಲೇ ಹಾಕಿ ಮನೆಗೆ ಕಳಿಸಿದ್ದರು. ಅಂದಿನಿಂದ ಎರಡೂ ಕಡೆಯವರು ಕಬ್ಬಿಣ ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದರು.

ಇಂಥ ಜಾಗಕ್ಕೆ ಹೊಸದಾಗಿ ಬಂದ ಡ್ರಿಲ್ ಟೀಚರ್, ಮಕ್ಕಳನ್ನು ಓಡಿಸುತ್ತೇನೆ ಎಂದು ಹೊರಟಿದ್ದಳು. ಶಾಲೆಯ ಮೈದಾನದ ತುಂಬ ಯಾರೋ ಸಿಮೆಂಟ್ ಪೈಪು ಪೇರಿಸಿ ವರ್ಷಗಳಾಗಿದ್ದವು. ಆರು, ಏಳನೇ ತರಗತಿಯ ಮಕ್ಕಳು ಮೆಟ್ಟಿಲು ಹತ್ತಿದರೆ ಮುದುಕರ ಹಾಗೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಅವಳು ಅವರನ್ನು ಕೊನೆಯ ಪೀರಿಯಡ್ಡಿನಲ್ಲಿ ಮುಚ್ಚಿದ ಗಿರಣಿಯ ಗೋಡೆಯ ಪಕ್ಕದ ದಾರಿಯಲ್ಲಿ ಓಡಿಸತೊಡಗಿದಳು. ಎಲ್ಲರೂ ಹೋದರು, ವೆಲ್ಡರ್‌ನ ಮಗಳನ್ನು ಬಿಟ್ಟು. ಟೀಚರ್ ಕೇಳಲು ಅಂಗಡಿಗೇ ಬಂದಳು.

"ಎರಡನೇ ಮಹಡಿಗೆ ಬರೋಷ್ಟರಲ್ಲಿ ನಾಲ್ಕು ಕಡೆ ಕೂತ್ಕೋತಾಳೆ ನಿಮ್ಮ ಮಗಳು. ಹನ್ನೆರಡು ವರ್ಷದ ಹುಡುಗಿಗೆ ಹಾಗಾಗಬಾರದು," ಎಂದಳು.

"ನಾವು ಅವಳಿಗೆ ಓಡೋದು ಕಲಿಸಿಲ್ಲ ಟೀಚರ್, ಒಳಗಿರೋದು ಕಲಿಸಿದೀವಿ," ಎಂದು ವೆಲ್ಡರ್ ಮುಖಗವಸು ಇಳಿಸಿಕೊಂಡು ಕೆಲಸಕ್ಕೆ ತೊಡಗಿದ. ಮಾತು ಮುಗಿಯಿತು ಎಂದು ಹೇಳುವ ರೀತಿ ಅದು.

ಹೆಂಡತಿ ಅವನಿಗೆ ತಿಳಿಯದಂತೆ ಮಗಳನ್ನು ಕಳಿಸಿದ್ದಳು. ಒಂದು ಸಂಜೆ ಕೆಸರು ಮೆತ್ತಿದ ಶೂ ಕಣ್ಣಿಗೆ ಬಿದ್ದು ಗುಟ್ಟು ರಟ್ಟಾಯಿತು. ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಇಲ್ಲಿ ಸಿಟ್ಟು ಅಪ್ಪನದು, ದವಡೆ ಮಗಳದು. ಹಿಂಗೈಯಲ್ಲಿ ಕೊಟ್ಟ ಏಟಿಗೆ ಹುಡುಗಿಯ ತುಟಿ ಒಡೆದು ಹಲ್ಲೆಲ್ಲ ಕೆಂಪಾಯಿತು. ಬಿಡಿಸಲು ಬಂದ ಹೆಂಡತಿಗೂ ಒಂದು ಬಿತ್ತು. ಮಗಳು ಅಳಲಿಲ್ಲ. "ಇವತ್ತು ಎಲ್ಲೂ ನಿಲ್ಲದೆ ಓಡಿದೆ ಅಪ್ಪ," ಎಂದಳು, ಅವನಿಗೆ ಖುಷಿಯಾಗಬಹುದೇನೋ ಎಂಬಂತೆ. ಅವನು ಅವಳ ಕೂದಲು ಹಿಡಿದು, ಇನ್ನು ಓಡುವುದಿಲ್ಲ ಎಂದು ಬಾಯಲ್ಲೇ ಹೇಳಿಸಿದ. ಮಕ್ಕಳ ಮೇಲಿನ ಪ್ರೀತಿಯನ್ನು ಹೀಗೂ ತೋರಿಸಬಹುದೆಂದು ನಂಬಿದವರು ಆ ಬೀದಿಯಲ್ಲಿ ಅವನೊಬ್ಬನೇ ಅಲ್ಲ.

ಅದಾದ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ಗಿರಣಿಯ ದಾರಿಗೆ ಅಡ್ಡಲಾಗಿ ಲಾರಿಯೊಂದು ಕಲ್ಲುಮಣ್ಣು ಸುರಿದು ಹೋಯಿತು. ಟೀಚರ್ ಅರ್ಧ ದಾರಿಯಲ್ಲಿ ಮಕ್ಕಳನ್ನು ಅಂಗಡಿ ಬೀದಿಯ ಕಡೆಗೆ ತಿರುಗಿಸಿದಳು. ಹೊಸಬಳು, ಅವಳಿಗೇನು ಗೊತ್ತು.

ವೆಲ್ಡರ್ ಕಿಟಕಿಯ ಗ್ರಿಲ್ಲಿಗೆ ಬೆಸುಗೆ ಹಾಕುತ್ತಿದ್ದ. ಮುಖಗವಸಿನ ಕಪ್ಪು ಗಾಜಿನಲ್ಲಿ ಕಿಡಿ ಬಿಟ್ಟರೆ ಬೇರೇನೂ ಸರಿಯಾಗಿ ಕಾಣದು. ದಡದಡ ಹೆಜ್ಜೆ ಸದ್ದು ಕೇಳಿ ತಲೆಯೆತ್ತಿದ. ಬಾಗಿಲ ಬೆಳಕಿನಲ್ಲಿ ನೆರಳುಗಳು ಓಡುತ್ತಿದ್ದವು, ಒಂದರ ಹಿಂದೆ ಒಂದು. ಗವಸು ಎತ್ತಿದ್ದರೆ ಶಾಲೆಯ ಸಮವಸ್ತ್ರ ಕಾಣುತ್ತಿತ್ತು. ಎತ್ತಲಿಲ್ಲ. ವೆಲ್ಡಿಂಗ್ ಹೋಲ್ಡರ್ ಎಸೆದು, ಕೊಕ್ಕೆಗೆ ಜೋತುಬಿದ್ದು ಶಟರ್ ಎಳೆದ.

ಅವನದು ಬಿದ್ದದ್ದೇ ತಡ, ಟೈರ್ ಅಂಗಡಿಯದು ಬಿತ್ತು. ಆಮೇಲೆ ಎದುರಿನದು, ಅದರಾಚೆಯದು. ತಗಡಿನ ಆ ಸದ್ದು ಎರಡೂ ತುದಿಗೆ ಮುಟ್ಟಿತು. ಸೇತುವೆಯವರು ಬಂದರೆಂದು ಗ್ಯಾರೇಜಿನವರು ಹೊರಬಿದ್ದರು, ಗ್ಯಾರೇಜಿನವರು ಬಂದರೆಂದು ಸೇತುವೆಯವರು. ಯಾರೂ ಯಾರ ಮೇಲೂ ಬಂದಿರಲಿಲ್ಲ. ಬಂದದ್ದು ಮಕ್ಕಳು ಮಾತ್ರ, ಅವರು ಈಗ ನಟ್ಟನಡುವೆ ಇದ್ದರು.

ಕತ್ತಲಲ್ಲಿ ವೆಲ್ಡರ್ ಕಬ್ಬಿಣಕ್ಕೆ ಕಬ್ಬಿಣ ತಾಗುವುದನ್ನು ಕೇಳಿದ. ಸೋಡಾ ಬಾಟಲಿ ಒಡೆಯಿತು. ಅಮ್ಮಾ ಎಂಬ ಯಾರದೋ ಕೂಗು ಅರ್ಧದಲ್ಲೇ ನಿಂತಿತು. ಅಷ್ಟರಲ್ಲಿ ಅವನ ಶಟರಿನ ಮೇಲೆ ಅಂಗೈ ಬಡಿತ ಶುರುವಾಯಿತು.

"ಅಪ್ಪಾ, ತೆಗಿ. ನಾನು ಅಪ್ಪಾ."

ನನ್ನ ಮಗಳು ತರಗತಿಯಲ್ಲಿದ್ದಾಳೆ ಎಂದುಕೊಂಡ ವೆಲ್ಡರ್. ಓಡುವುದಿಲ್ಲ ಎಂದು ಹೇಳಿದ್ದಾಳಲ್ಲ. ಎಲ್ಲ ಮಕ್ಕಳೂ ಅಪ್ಪಾ ಎಂದೇ ಕೂಗುತ್ತವೆ, ತಗಡಿನಾಚೆಯ ದನಿ ಎಲ್ಲ ಒಂದೇ ಥರ ಕೇಳುತ್ತದೆ. ಹೀಗೆ ಅವನು ತನಗೇ ಸುಳ್ಳು ಹೇಳಿಕೊಳ್ಳುತ್ತ ನಿಂತ, ಟೈರ್ ಅಂಗಡಿಯವನ ಮೊಂಡುಗೈ ಕಣ್ಣ ಮುಂದೆ ಬರುತ್ತಿತ್ತು. ಶಟರಿನ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಬಡಿತ ಇನ್ನಷ್ಟು ಜೋರಾಯಿತು, ಆಮೇಲೆ ಒಮ್ಮೆಲೇ ನಿಂತುಹೋಯಿತು.

ಬಡಿತಕ್ಕಿಂತ ಅದು ನಿಂತದ್ದೇ ಅವನನ್ನು ಕೊಂದಿತು. ಮೂಲೆಯಲ್ಲಿದ್ದ ಕಬ್ಬಿಣದ ಆ್ಯಂಗಲ್ ತುಂಡೊಂದನ್ನು ಎಳೆದುಕೊಂಡು, ಭುಜ ಕೊಟ್ಟು ಶಟರ್ ಎತ್ತಿದ.

ಅವನ ಬಾಗಿಲಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿ ಟೈರ್ ಅಂಗಡಿಯ ಶಟರ್ ಆಗಲೇ ಅರ್ಧ ಎದ್ದಿತ್ತು. ಅದರ ಕೆಳಗೆ ಮೊಣಕಾಲೂರಿ ಕೂತ ಟೈರ್ ಅಂಗಡಿಯವನು ಇದ್ದೊಂದು ಕೈಯಲ್ಲಿ ಮಕ್ಕಳ ಕುತ್ತಿಗೆಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಒಳಗೆಳೆಯುತ್ತಿದ್ದ. ಅವನ ಮುಂದೆ ಕೈ ಅಗಲಿಸಿ ಟೀಚರ್ ನಿಂತಿದ್ದಳು. ಎಡ ಮುಂಗೈ ಮೊಣಕೈವರೆಗೆ ಸೀಳಿತ್ತು, ರಕ್ತ ಬೆರಳ ತುದಿಯಿಂದ ಧಾರೆಯಾಗಿ ಇಳಿಯುತ್ತಿತ್ತು. "ಮಕ್ಕಳು ಕಣ್ರೋ, ಮಕ್ಕಳು," ಎನ್ನುತ್ತಲೇ ಇದ್ದಳು. ಎದುರಿಗಿದ್ದ ಕೆಂಪು ಬನಿಯನ್ನಿನವನು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅವನ ಮಚ್ಚು ಮತ್ತೆ ಮೇಲೆದ್ದಿತ್ತು.

ವೆಲ್ಡರ್ ಅವನ ಮೊಣಕಾಲಿಗೆ ಬೀಸಿದ. ಮೂಳೆ ಮುರಿದ ಸದ್ದು ಕೇಳಿಸಿತು. ಬಿದ್ದವನ ಕೈಗೆ ಹೊಡೆದ, ಮಚ್ಚು ಜಾರಿತು. ಅಲ್ಲಿಗೆ ಸಾಕಿತ್ತು. ಆದರೆ ಅವನು ನಿಲ್ಲಿಸಲಿಲ್ಲ, ಬೆನ್ನಿಗೆ ಹೊಡೆದ, ಪಕ್ಕೆಗೆ ಹೊಡೆದ, ತನ್ನ ಮೇಲಿನ ಸಿಟ್ಟೆಲ್ಲ ಅವನ ಮೈಮೇಲೆ ಇಳಿಸಿದ. ಹೊಡೆಸಿಕೊಂಡವನು ಹೊರಳಿದಾಗ ಮುಖ ಕಂಡಿತು. ಮೀಸೆ ಸರಿಯಾಗಿ ಮೂಡಿರಲಿಲ್ಲ. ಹೆಚ್ಚೆಂದರೆ ನಾಲ್ಕು ವರ್ಷದ ಹಿಂದೆ ಅದೇ ಶಾಲೆಯ ಮೆಟ್ಟಿಲು ಹತ್ತುತ್ತಿದ್ದವನು. "ಸಾಕು ಅಣ್ಣ," ಎಂದ. ವೆಲ್ಡರ್‌ನ ಕೈ ಕೆಳಗಾಯಿತು. ಅಷ್ಟರಲ್ಲಿ ಹಿಂದಿನಿಂದ ಇನ್ಯಾರೋ ಅವನ ಭುಜಕ್ಕೆ ಮಚ್ಚಿನೇಟು ಹಾಕಿ ಓಡಿದರು. ಅದು ನೋವೆಂದು ಅವನಿಗೆ ಗೊತ್ತಾದದ್ದು ಬಹಳ ಹೊತ್ತಿನ ಮೇಲೆ.

ಅವನು ಟೈರ್ ಅಂಗಡಿಗೆ ನುಗ್ಗಿ ಮಕ್ಕಳ ಮುಖ ಒಂದೊಂದನ್ನೇ ತಿರುಗಿಸಿ ನೋಡಿದ. ಅವನ ಮಗಳಿರಲಿಲ್ಲ. ನಿಮ್ಮ ಅಂಗಡಿ ಹತ್ತಿರವೇ ಇದ್ದಳು ಮಾವ, ಆಮೇಲೆ ಪಕ್ಕದ ಸಂದಿಯೊಳಗೆ ಓಡಿದಳು, ಅವಳ ಹಿಂದೆ ಒಬ್ಬ ಹೋದ ಎಂದು ಒಂದು ಮಗು ಬಿಕ್ಕುತ್ತ ಹೇಳಿತು. ವೆಲ್ಡರ್ ಸಂದಿಗೆ ಹೋದ. ಅಲ್ಲಿ ಒಂದು ಶೂ ಬಿದ್ದಿತ್ತು, ಗೋಡೆಯ ಮೇಲೆ ಮಚ್ಚು ಗೀರಿದ ಹೊಸ ಗೆರೆಯಿತ್ತು. ಅವನು ಅವಳ ಹೆಸರು ಹಿಡಿದು ಕೂಗುತ್ತ ಸಂದಿಯ ಉದ್ದಕ್ಕೂ ಓಡಿದ, ಗಿರಣಿಯ ಗೋಡೆಯವರೆಗೂ ಓಡಿ, ಎಲ್ಲೂ ಕಾಣದೆ ತಿರುಗಿ ಬಂದ.

ಬೀದಿಗೆ ಬರುವ ಹೊತ್ತಿಗೆ ಪೊಲೀಸ್ ಜೀಪು ಬಂದಿತ್ತು. ಕಡಿದಾಡುತ್ತಿದ್ದವರು ಎರಡೂ ಕಡೆಗೆ ಚದುರಿದ್ದರು. ಜೀಪಿನ ಹಿಂದಿನಿಂದ ಅವನ ಮಗಳು ಇಳಿದಳು, ಒಂದು ಕಾಲಿಗೆ ಶೂ, ಇನ್ನೊಂದರ ಹಿಮ್ಮಡಿ ರಕ್ತ. ದೊಡ್ಡ ರಸ್ತೆಯ ಠಾಣೆಯವರೆಗೆ ಓಡಿಬಂದು ಕರೆದಳು ಎಂದು ಪೇದೆ ಹೇಳಿದ. ಹಿಂದೆ ಬಿದ್ದವನು ಅವಳನ್ನು ಹಿಡಿಯಲಾರದೆ ನಡುದಾರಿಯಲ್ಲೇ ನಿಂತುಬಿಟ್ಟನಂತೆ.

ವೆಲ್ಡರ್ ಕೈ ಚಾಚಿ ಹತ್ತಿರ ಹೋದ. ಮಗಳು ಒಂದು ಹೆಜ್ಜೆ ಹಿಂದೆ ಸರಿದು ಪೇದೆಯ ಪಕ್ಕಕ್ಕೆ ನಿಂತಳು.

"ನೀನಂತ ಗೊತ್ತಾಗಲಿಲ್ಲ ಕಣೇ," ಎಂದ ಅವನು.

ಅವಳು ಅವನ ಮುಖ ನೋಡಲಿಲ್ಲ.

"ನಾನು ಬಗ್ಗಿ ನೋಡಿದೆ ಅಪ್ಪ. ಶಟರ್ ಕೆಳಗೆ ಬೆರಳಗಲ ಬಿಟ್ಟಿತ್ತು, ನಿನ್ನ ಕಾಲು ಕಾಣ್ತಿತ್ತು. ಮುಂದೆ ಬರುತ್ತೇನೋ ಅಂತ ನೋಡ್ತಾನೇ ಇದ್ದೆ. ಬರಲಿಲ್ಲ. ಅದಕ್ಕೇ ಓಡಿದೆ."

ಇಷ್ಟು ಹೇಳಿ ಅವಳು ಟೀಚರ್ ಇದ್ದ ಕಡೆಗೆ ಹೋದಳು.