ಬಾಗಿಲಾಚೆಯ ಕುರ್ಚಿ

ಹೂವಿಗೆ ಸಾವಿರ, ಕುರ್ಚಿಗಳಿಗೆ ಎಂಟುನೂರು, ವ್ಯಾನಿಗೆ ನಾಲ್ಕು ಸಾವಿರ. ಸತ್ತವನ ತಮ್ಮ ದುಡ್ಡು ನೀಡಿದರೆ ವ್ಯಾನಿನವನು ಕೈ ಹಿಂದಕ್ಕೆಳೆದುಕೊಂಡ.

"ಆಗ್ಲೇ ಬಂತು ಸಾರ್. ಕಂಪನಿಯಿಂದ. ಆ ಕನ್ನಡಕದ ಸಾಹೇಬ್ರು ಕೊಟ್ರು."

"ಸತ್ತಿರೋದು ನಮ್ಮಣ್ಣ ಕಣಯ್ಯ, ಅವರಣ್ಣ ಅಲ್ಲ. ವಾಪಸ್ ಕೊಟ್ಬಿಡು!"

ಕನ್ನಡಕದವನು ಮುಖ್ಯಾಧಿಕಾರಿ. ಅಣ್ಣ ಕಟ್ಟಿದ ಪಂಪು ಕಾರ್ಖಾನೆ ನಡೆಸಲು ಹೊರಗಿನಿಂದ ಬಂದವನು. ಅಣ್ಣ ಆಡಳಿತ ಮಂಡಳಿಯ ಅಧ್ಯಕ್ಷನಾಗಿದ್ದ, ತಮ್ಮ ಬರೀ ಸದಸ್ಯ. ಇನ್ನು ಅಧ್ಯಕ್ಷಗಿರಿ ತಮ್ಮನದೇ. ಮೊದಲ ಸಭೆಯಲ್ಲೇ ಕನ್ನಡಕದವನನ್ನು ಮನೆಗೆ ಕಳಿಸುವುದೆಂದು ಹೆಣದ ಪಕ್ಕ ನಿಂತೇ ತೀರ್ಮಾನಿಸಿದ್ದ.

"ಇವತ್ತಾದ್ರೂ ಅವರ ಮೇಲೆ ಉರ್ಕೋಬೇಡಪ್ಪ," ಎಂದರು ಅತ್ತಿಗೆ.

"ಆಸ್ಪತ್ರೇಲಿ ಅಣ್ಣ ಕೊನೇಗೆ ಕರೆಸಿದ್ದು ಯಾರನ್ನ ಅತ್ತಿಗೆ? ನನ್ನನ್ನಾ?"



* * *

ಪ್ರತಿ ಸಭೆಯ ಕೊನೆಗೆ ಅಣ್ಣ ಮುಖ್ಯಾಧಿಕಾರಿಯನ್ನು ಬಾಗಿಲಾಚೆಯ ಕುರ್ಚಿಗೆ ಕಳಿಸಿ, "ಈಗ ಅವನ ಬಗ್ಗೆ ಹೇಳಿ" ಎನ್ನುತ್ತಿದ್ದ. ಉಳಿದವರು ಹೊಗಳಿ ಗಡಿಯಾರ ನೋಡುತ್ತಿದ್ದರು. ತಮ್ಮನೊಬ್ಬ ಹುಳುಕು ತೆಗೆಯುತ್ತಿದ್ದ: ಹೊಸ ಯಂತ್ರ ದಂಡ, ಹಳೇ ಗಿರಾಕಿಗಳನ್ನು ಕೇಳುವವರಿಲ್ಲ. ಅಣ್ಣ ತುಟಿ ಬಿಚ್ಚದೆ ಕೇಳಿಸಿಕೊಂಡು, ಎದ್ದುಹೋಗಿ ಕನ್ನಡಕದವನ ಪಕ್ಕ ಕೂರುತ್ತಿದ್ದ. ಗಾಜಿನಾಚೆ ಇಬ್ಬರ ತಲೆಗಳೂ ಹತ್ತಿರವಾಗುತ್ತಿದ್ದವು. ಒಮ್ಮೊಮ್ಮೆ ಅಣ್ಣನ ನಗು ಕೇಳುತ್ತಿತ್ತು. ಮನೆಯಲ್ಲಿ ಅಣ್ಣ ತಮ್ಮನೊಂದಿಗೆ ಹಾಗೆ ನಕ್ಕಿದ್ದೇ ಇಲ್ಲ.

* * *

ಮಣ್ಣು ಮುಗಿದು ಜನ ಚದುರಿದ ಮೇಲೆ ಕನ್ನಡಕದವನು ಹತ್ತಿರ ಬಂದ.

"ಸಭೇಲಿ ನೀವಂದಿದ್ದನ್ನೆಲ್ಲ ಅವರು ಹೊರಗೆ ಬಂದು ನನಗೆ ಒಂದೂ ಬಿಡದೆ ಹೇಳ್ತಿದ್ರು ಸಾರ್. ನಿಮ್ಮ ಹೆಸರು ಹಿಡಿದೇ."

"ಗೊತ್ತಿದ್ದೂ ನನ್ನ ಕಂಡಾಗೆಲ್ಲ ನಮಸ್ಕಾರ ಹೊಡೀತಿದ್ರಲ್ರೀ!"

"ಒಂದ್ಸಲ ರೇಗಿಹೋಗಿ, ನಿಮ್ಮನ್ನ ಮಂಡಳಿಯಿಂದ ತೆಗೀರಿ ಅಂದೆ. ನಕ್ಕುಬಿಟ್ರು. 'ನೀನು ತಪ್ಪು ಮಾಡಿದ್ರೆ ನನಗೆ ಹೇಳೋನು ಅವನೊಬ್ಬನೇ ಕಣಯ್ಯ. ಅವನಿದಾನೆ ಅಂತಲೇ ಕಾರ್ಖಾನೆ ನಿನ್ನ ಕೈಗೆ ಕೊಟ್ಟು ನಿದ್ದೆ ಮಾಡ್ತೀನಿ' ಅಂದ್ರು. ಆಸ್ಪತ್ರೆಗೆ ಕರೆಸಿದ್ದೂ ಅದಕ್ಕೇ. ಅವನ ಮಾತಿಗೆ ಕಿವಿ ಮುಚ್ಕೋಬೇಡ ಅಂತ ಹೇಳೋಕೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮೆತ್ತಗಾಗ್ಬಿಡ್ತಾನೆ ಅಂತಿದ್ರು."

ತಮ್ಮ ಕಾರಿನ ಬಾಗಿಲು ತೆರೆದ. "ಹತ್ತಿ. ಆ ಯಂತ್ರ ಈಗ್ಲೂ ದಂಡವೇ. ದಾರೀಲಿ ಜಗಳ ಆಡೋಣ."

ಕನ್ನಡಕದವನ ಕೆಲಸ ಉಳಿಯಿತು. 'ಅವನಿದಾನೆ' ಎಂಬ ಆ ಒಂದು ಮಾತನ್ನು ಅಣ್ಣನ ಬಾಯಿಂದಲೇ ಕೇಳುವುದು ಮಾತ್ರ ತಮ್ಮನಿಗೆ ತಪ್ಪಿಹೋಯಿತು. ಅದೂ ಕನ್ನಡಕದವನ ಪಾಲಾಗಿತ್ತು.