ಮುಚ್ಚಳದ ಮೇಲಿನ ಹೆಸರು

ಸಣ್ಣಸ್ವಾಮಿಯ ತಂಬೂರಿಗೆ ಪೆಟ್ಟಿಗೆ ಬೇಕಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಕೊಡಗಿನ ಬಾಳೆಲೆ ಊರಿನ ಸುತ್ತಮುತ್ತ ಇದ್ದವರೆಲ್ಲ ಪೆಟ್ಟಿಗೆ ಪಂಡಿತರಾಗಿಬಿಟ್ಟರು. ಅದೇ ತಂಬೂರಿ ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಯ ಗೋಡೆಗೆ ಜೋತುಬಿದ್ದು, ಮಳೆಗಾಲದಲ್ಲಿ ಗೊಬ್ಬರದ ಚೀಲ ಹೊದ್ದು ಇಷ್ಟು ವರ್ಷ ಬದುಕಿತ್ತು. ಅದಕ್ಕೂ ಚಳಿಯಾದೀತೆಂದು ಆಗ ಯಾರಿಗೂ ಅನಿಸಿರಲಿಲ್ಲ. ಈಗ ಸಣ್ಣಸ್ವಾಮಿಗೆ ದೆಹಲಿಯಲ್ಲಿ ಹಾಡಲು ಕರೆ ಬಂದಿತ್ತು. ವಿಮಾನಕ್ಕೆ ಹಾಕಬೇಕಾದರೆ ವಾದ್ಯ ಗಟ್ಟಿ ಪೆಟ್ಟಿಗೆಯಲ್ಲಿರಬೇಕು ಎಂದು ಕರೆದವರು ತಿಳಿಸಿದ್ದರು. ಎಲ್ಲರ ಕರುಳೂ ಒಟ್ಟಿಗೇ ಚುರ್ ಎಂದಿತು.

ನಿಜವಾದ ಅಂಜಿಕೆ ಮಗಳು ರಂಜಿತಾಳಿಗೆ. ಹಲಸಿನ ಮರ ಕೊರೆದು ಮಾಡಿದ, ತಾತನ ಕಾಲದ ತಂಬೂರಿ ಅದು. ಅದರ ಕತ್ತು ಮುರಿದರೆ ಅಪ್ಪನ ಹಾಡೂ ಅಲ್ಲಿಗೇ ಮುಗಿಯಿತು. ಬೇರೆ ತಂಬೂರಿಗೆ ಅವನ ಗಂಟಲು ಏಳುವುದಿಲ್ಲ.

"ಪೆಟ್ಟಿಗೆ ನಾನು ಮಾಡಿಸಿ ಕೊಡ್ತೇನೆ" ಎಂದರು ಎಸ್ಟೇಟಿನ ಸಾಹುಕಾರ ಉತ್ತಯ್ಯ. ಲೈನ್‌ಮನೆಯ ಹೆಂಚು ಸೋರುತ್ತಿದೆ ಎಂದು ಎಷ್ಟು ಕೂಗಿದರೂ ಕೇಳಿಸದ ಕಿವಿಗೆ ದೆಹಲಿ ಎಂಬ ಮಾತು ಎಷ್ಟು ಚೆನ್ನಾಗಿ ಕೇಳಿಸಿತು ನೋಡಿ! ಅಲ್ಲಿ ಲೆಕ್ಕ ಬರೆಯುವ ರೈಟರ್ ನಂದೀಶ, ಅಪ್ಪ ಮಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ವಿರಾಜಪೇಟೆಗೆ, ಪ್ರಜ್ಞೇಶನ ಅಂಗಡಿಗೆ ಕರೆತಂದ.

ಪ್ರಜ್ಞೇಶ ಎಂದರೆ ಸಾಮಾನ್ಯ ಬಡಗಿಯಲ್ಲ. ದೊಡ್ಡ ಮನೆಗಳ ಕೋವಿ, ವೀಣೆ, ಪಿಟೀಲುಗಳಿಗೆ ಬೀಟೆ ಮರದ ಪೆಟ್ಟಿಗೆ ಮಾಡುವವನು. ಒಳಗೆ ಮಖಮಲ್ಲು, ಮುಚ್ಚಳದ ಮೇಲೆ ಹಿತ್ತಾಳೆ ತಗಡಿನಲ್ಲಿ ಮನೆ ಹೆಸರು. ಈ ನಾಡಿನಲ್ಲಿ ಮನುಷ್ಯನ ಮುಖ ನೋಡುವುದು ಮನೆ ಹೆಸರು ಕೇಳಿದ ಮೇಲೆ. ಇವರು ಒಳಗೆ ಹೋದಾಗ ಅವನು ಯಾರದೋ ಪಿಟೀಲನ್ನು ಹಸುಗೂಸಿನಂತೆ ಎದೆಗವಚಿಕೊಂಡು, ಮೇಜಿನ ಮೇಲೆ ಮಲಗಿಸಿ, ಅದರ ಸೊಂಟ ನೇವರಿಸುತ್ತ ಅಳತೆ ತೆಗೆಯುತ್ತಿದ್ದ. ಅದನ್ನು ಬೀರುವಿನೊಳಗಿಟ್ಟು ಇವರ ಕಡೆ ತಿರುಗಿದ.

"ಮುಚ್ಚಳಕ್ಕೆ ಮನೆ ಹೆಸರು ಎಂತ ಹಾಕುದು?"

ಮನೆ ಎಲ್ಲಿ ಎಂದು ಕೇಳಿದರೆಂದೇ ತಿಳಿದ ಸಣ್ಣಸ್ವಾಮಿ ಕೈ ಕಟ್ಟಿಕೊಂಡು ಹೇಳಿದ: "ಲೈನ್‌ಮನೆ, ಬುದ್ಧಿ."

ಪ್ರಜ್ಞೇಶ ಗೊಳ್ಳೆಂದು ನಕ್ಕ. "ಒಳ್ಳೆ ದೊಡ್ಡ ಮನೆತನ ಮಾರಾಯ್ರೆ! ಎಷ್ಟು ಕೋವಿ ಉಂಟು ಮನೇಲಿ?"

ನಂದೀಶನಿಗೂ ನಗು ತಡೆಯಲಾಗಲಿಲ್ಲ. "ಅವ್ನಿಗೇನ್ ಗೊತ್ತು ಸಾರ್. ನಮ್ ಸಾಹುಕಾರ್ರ ಮನೆ ಹೆಸ್ರು ಹಾಕಿ. ಕೊಡ್ಸೋರು ಅವ್ರಲ್ವಾ?"

"ತಂಬೂರಿ ನಮ್ದಲ್ವಾ ರೈಟ್ರೇ?" ಎಂದಳು ರಂಜಿತಾ.

"ಇರ್ಲಿ ಕಣಮ್ಮ. ಲೈನು ಸಾಹುಕಾರ್ರದ್ದು, ಅದ್ರೊಳ್ಗಿರೋ ನೀವು ಸಾಹುಕಾರ್ರ ಜನ. ಪೆಟ್ಗೆ ಸಾಹುಕಾರ್ರದ್ದು, ಅದ್ರೊಳ್ಗಿರೋದು..." ಮಾತು ಮುಗಿಸುವ ಅಗತ್ಯ ನಂದೀಶನಿಗೆ ಕಾಣಲಿಲ್ಲ.

ಅವಳು ಅಪ್ಪನ ಮುಖ ನೋಡಿದಳು. "ಬುಡವ್ವ" ಎಂದು ಅವನು ಪಿಸುಗುಟ್ಟಿದ. "ದೊಡ್ಡೋರ ಹೆಸ್ರಿದ್ರೆ ಇಮಾನಕ್ಕೆ ಎತ್ತಾಕೋರೂ ವಸಿ ನಿಧಾನಕ್ಕೆ ಎತ್ತಾಕ್ತಾರೆ." ಬದುಕೆಲ್ಲ ಬೈಗುಳ ತಿಂದು ಕಲಿತ ಲೆಕ್ಕ ಅದು.

"ಸರಿ, ಕೆಳಗಿಡಿ, ಅಳತೆ ತಗೊಳ್ತೇನೆ" ಎಂದ ಪ್ರಜ್ಞೇಶ.

"ನೆಲಕ್ಕೆ ಮಡಗಕಿಲ್ಲ ಬುದ್ಧಿ. ನಮ್ಮಪ್ಪನ ಕಾಲ್ದಿಂದ್ಲೂ ಮಡಗಿಲ್ಲ."

"ಮೇಜು ಖಾಲಿ ಇದೆಯಲ್ಲ?" ಎಂದಳು ರಂಜಿತಾ.

"ಅದು... ಪಾಲಿಶ್ ಹೋಗ್ತದೆ. ನೀವೇ ಹಿಡ್ಕೊಂಡು ನಿಲ್ಲಿ." ಉಕ್ಕಿನ ಟೇಪನ್ನು ಉದ್ದಕ್ಕೆ ಎಳೆದು, ತುದಿಯನ್ನು ಅವಳ ಕಡೆ ಚಾಚಿದ. "ಕತ್ತಿನ ಹತ್ರ ನೀನು ಹಿಡಿ." ತಾನು ಈ ಕಡೆ ಟೇಪಿನ ಡಬ್ಬಿ ಹಿಡಿದು, ತಂಬೂರಿಯ ಹೊಟ್ಟೆಯಿಂದ ಒಂದು ಗೇಣು ದೂರದಲ್ಲೇ ನಿಂತು, ಕಣ್ಣು ಕಿರಿದು ಮಾಡಿ ನೋಡಿದ. ಕೈ ಮುಂದೆ ಬರಲಿಲ್ಲ. ಪಿಟೀಲಿನ ಸೊಂಟ ನೇವರಿಸಿದ್ದ ಅದೇ ಕೈ!

"ಮುಟ್ಟದೆ ಅಳತೆ ಹೇಗೆ ಸಿಗುತ್ತೆ?"

"ಅಂದಾಜಿಗೆ ಸಾಕು. ಸ್ವಲ್ಪ ಸಡಿಲ ಮಾಡಿದರಾಯ್ತು."

"ಸಡಿಲ ಇದ್ರೆ ಒಳಗೆ ಅಲ್ಲಾಡಿ ಕತ್ತು ಮುರಿಯುತ್ತೆ."

"ಇದೇನು ವೀಣೆಯಾ ತಂಗಿ, ಅಷ್ಟು ನಾಜೂಕು ಮಾಡ್ಲಿಕ್ಕೆ?"

ರಂಜಿತಾ ಟೇಪಿನ ತುದಿ ಬಿಟ್ಟಳು. ಅದು ಹಾವಿನ ಹಾಗೆ ಸರ್ರನೆ ವಾಪಸು ಹರಿದು ಪ್ರಜ್ಞೇಶನ ಬೆರಳ ಗಿಣ್ಣಿಗೆ ಫಟೀರೆಂದು ಬಡಿಯಿತು. ಅವನು ಕೈ ಒದರುತ್ತ ಕುಣಿದ.

"ಅಪ್ಪ, ಈ ಪೆಟ್ಟಿಗೆ ಬೇಡ. ನಡಿ."

"ಏಯ್, ಬಾಳೆಲೆಗೆ ವಾಪಸ್ ಬರ್ಬೇಕಲ್ಲ ನೀವು?" ಎಂದು ನಂದೀಶ ಹಿಂದಿನಿಂದ ಕೂಗಿದ. ಜೀಪು ಹತ್ತದೆ ಅಪ್ಪ ಮಗಳು ಬಸ್ಸು ಹಿಡಿದು ಗೋಣಿಕೊಪ್ಪದಲ್ಲಿ ಇಳಿದರು.

ಅಲ್ಲಿ ರಂಜಿತಾ ಆರಿಸಿದ್ದು ಮಿಲನ್‌ನನ್ನು. ಮದುವೆ ಮನೆಗಳ ಕಿವಿ ಹರಿಯುವ ಡಿಜೆಯವರಿಗೆ ಸ್ಪೀಕರ್ ಡಬ್ಬ ಮಾಡುವವನು. ಸಂಗೀತದ ಗಂಧಗಾಳಿ ಇಲ್ಲ. ತಂಬೂರಿಯನ್ನು ತೊಡೆಯ ಮೇಲೆಳೆದುಕೊಂಡು ತಂತಿಯನ್ನು ಟೊಂಯ್ ಅನಿಸಿ, "ಎಂತ ಅಂಕಲ್, ಬೇಸ್ ಕಮ್ಮಿ ಅಲ್ವಾ ಇದ್ರಲ್ಲಿ?" ಎಂದು ಕೇಳಿದ. ಸಣ್ಣಸ್ವಾಮಿಗೆ ಕೆನ್ನೆಗೆ ಹೊಡೆದಂತಾಯಿತು. ಆದರೆ ಮಿಲನ್ ಅದರ ಹೊಟ್ಟೆಯನ್ನು ತಬ್ಬಿ, ಕತ್ತಿನ ಸುತ್ತ ಟೇಪು ಸುತ್ತಿ, ಒಂದೊಂದು ಬಿರಡೆಯನ್ನೂ ಬೆರಳಲ್ಲಿ ಹಿಡಿದು ಅಳೆದ. ವಾರ ಬಿಟ್ಟು ಹೋದಾಗ ಕಪ್ಪು ಬಣ್ಣದ, ಮೂಲೆಗೆಲ್ಲ ಉಕ್ಕು ಬಡಿದ ಪೆಟ್ಟಿಗೆ ತಯಾರಾಗಿತ್ತು. ಒಳಗೆ ಕಣ್ಣು ಕುಕ್ಕುವ ಗುಲಾಬಿ ಸ್ಪಂಜು. ಅದಕ್ಕಿಂತ ಕುರೂಪಿ ಪೆಟ್ಟಿಗೆ ಕೊಡಗಿನಲ್ಲೇ ಇರಲಿಕ್ಕಿಲ್ಲ. ತಂಬೂರಿ ಒಳಗೆ ಕೂತು ಮುಚ್ಚಳ ಬಿತ್ತು. ಸಣ್ಣಸ್ವಾಮಿ ಎತ್ತಿ ಅಲ್ಲಾಡಿಸಿದ. ಒಂದು ಸದ್ದೂ ಇಲ್ಲ.

"ಮೇಲೆ ಯಾರ ಹೆಸ್ರು ಅಂಕಲ್?" ಎಂದು ಮಿಲನ್ ಬಿಳಿ ಬಣ್ಣದ ಡಬ್ಬಿ ತೆರೆದ.

ಅಷ್ಟರಲ್ಲಿ ಸಣ್ಣಸ್ವಾಮಿಗೆ ಫೋನು. ನಂದೀಶ. "ಸಾಹುಕಾರ್ರು ದೊಡ್ ಮನ್ಸು ಮಾಡವ್ರೆ ಕಣೋ. ವಿರಾಜಪೇಟೆ ಪೆಟ್ಗೆ ರೆಡಿ ಆಗಿದೆ, ಹೆಸ್ರೂ ಹಾಕ್ಸಾಗಿದೆ. ಮಗ್ಳ ಮಾತು ಕೇಳ್ಬೇಡ. ಬಂದು ತಗೊಂಡೋಗು."

ರಂಜಿತಾ ಅಪ್ಪನನ್ನೇ ನೋಡಿದಳು. ಅವನ ಬಾಯಿಂದ ಇನ್ನೇನು "ಬುದ್ಧಿ" ಹೊರಬೀಳುತ್ತದೆ ಎಂದುಕೊಂಡಳು.

"ಸಾಹುಕಾರ್ರೇ ಮಡಿಕಳಕ್ಕೇಳಿ ರೈಟ್ರೇ" ಎಂದ ಸಣ್ಣಸ್ವಾಮಿ. "ಹೆಸ್ರು ಅವ್ರದ್ದು, ಪೆಟ್ಗೆ ಅವ್ರದ್ದು. ಒಳೀಕೆ ಆಕಕ್ಕೆ ಅವ್ರತ್ರ ಏನಾರ ಇದ್ರೆ ಆಕಳ್ಳಿ."

ಫೋನನ್ನು ಮಗಳ ಕೈಗಿತ್ತು ತನ್ನ ಹೆಸರು ಹೇಳಿ ಬರೆಸಿದ. ಮಿಲನ್ ಬರೆದು ಮುಗಿಸುವ ಮುಂಚೆಯೇ, "ಅದ್ಯಾಕ್ಲಾ ಅಕ್ಸರ ಅಂಗೆ ಸೊಟ್ಟಗವೆ? ನೆಟ್ಟಗೆ ಬರಿ" ಎಂದು ಗದರತೊಡಗಿದ.